ಹಾಲಿನ ಸಬ್ಸಿಡಿ: ಕಟ್ಟೆಯ ಮಾತು, ಕಡತದ ಮಾತು

ರಾಮಗಿರಿಯಿರಲಿ, ತಾಳ್ಯವಿರಲಿ, ಹೊಳಲ್ಕೆರೆ ತಾಲ್ಲೂಕಿನ ಯಾವುದೇ ಡೇರಿ ಮುಂದೆ ಸಂಜೆ ಕ್ಯಾನು ಹಿಡಿದು ನಿಂತವರು ಕೇಳುವುದು ಒಂದೇ: "ಸಬ್ಸಿಡಿ ಬಂತಾ?" ಬಂದಿಲ್ಲವೆಂದರೆ ಮುಂದಿನ ಮಾತೂ ಸಿದ್ಧ: "ಸೆಕ್ರೆಟರಿ ನುಂಗಿರ್ತಾನೆ ಬಿಡು."

ನುಂಗೋಣವೆಂದರೂ ಆ ಹಣ ಅವನ ಕೈಗೆ ಬರುವುದೇ ಇಲ್ಲ. ನಮ್ಮ ಜಿಲ್ಲೆಯ ಸಂಘಗಳು ಹಾಲು ಹಾಕುತ್ತ ಬಂದಿರುವುದು ಶಿವಮೊಗ್ಗದ ಹಾಲು ಒಕ್ಕೂಟ ಶಿಮುಲ್‌ಗೆ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ಹಾಲಿನ ದರ ಕೊಡುವುದು ಆ ಒಕ್ಕೂಟ. ಸಬ್ಸಿಡಿ ಎನ್ನುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಮಾತ್ರ ರಾಜ್ಯ ಸರ್ಕಾರದ್ದು. 2008ರಲ್ಲಿ 2 ರೂಪಾಯಿಯಿಂದ ಶುರುವಾಗಿ 2013ರಲ್ಲಿ 4, 2016ರಲ್ಲಿ 5 ಆಯಿತು. ಸಂಘದಿಂದ ಹೋಗುವುದು ಲೀಟರಿನ ಲೆಕ್ಕ. ಹಣ ನೇರ ರೈತರ ಖಾತೆಗೆ. ಸರ್ಕಾರ ಅನುದಾನ ಬಿಡುಗಡೆ ಮಾಡದಿದ್ದರೆ ತಿಂಗಳುಗಟ್ಟಲೆ ಬಾಕಿ. ಇನ್ನೊಂದು ತೊಡಕು: ಆಧಾರ್ ಮೂಲಕ ಬರುವ ಹಣ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಹಳೇ ಪಾಸ್‌ಬುಕ್ ಹಿಡಿದು ಕಾದರೆ ಏನೂ ಕಾಣದು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಿಕೊಳ್ಳಬಹುದು.

ಹಾಗೆಂದು ಸೆಕ್ರೆಟರಿಗೆ ಪ್ರಮಾಣಪತ್ರ ಕೊಡುತ್ತಿಲ್ಲ. ಅವನು ಕಳಿಸುವ ಲೀಟರಿನ ಲೆಕ್ಕ ತಪ್ಪಿದರೆ ಹಣವೂ ತಪ್ಪುತ್ತದೆ. ದಿನಕ್ಕೆ 10 ಲೀಟರ್ ಹಾಕಿದವರಿಗೆ 30 ದಿನಕ್ಕೆ 1,500 ರೂಪಾಯಿ ಬರಬೇಕು. ಹಾಲು ಹಾಕಿದ ಚೀಟಿಗಳನ್ನು ಕೂಡಿಸಿ ತಾಳೆ ನೋಡಲಿ.

ಹಸು ಕಟ್ಟಿದವರಿಗೆಲ್ಲ ಸಬ್ಸಿಡಿ ಎನ್ನುವುದೂ ಸುಳ್ಳು. ಹೋಟೆಲಿಗೋ ಖಾಸಗಿ ಡೇರಿಗೋ ಹಾಕಿದ ಹಾಲಿಗೆ ಬಿಡಿಗಾಸೂ ಇಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಏರಿದ 4 ರೂಪಾಯಿಯೂ ಸಬ್ಸಿಡಿಯಲ್ಲ, ಅದು ಗ್ರಾಹಕರ ಜೇಬಿನಿಂದ ಬಂದದ್ದು.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟಿರುವ ನಂಬಿಕೆ ಬೇರೆಯೇ: "ಯಾರಿಗೆ ಎಷ್ಟು ಬಂತು ಅಂತ ಹೊರಗೆ ಹೇಳೋ ಹಾಗಿಲ್ಲ." 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮು ಇದಕ್ಕೆ ನೇರ ವಿರುದ್ಧ. ಸಬ್ಸಿಡಿ ಯೋಜನೆಗೆ ಎಷ್ಟು ಹಣ ಇಟ್ಟಿದೆ, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಕೇಳದೆಯೇ ಸಾರ್ವಜನಿಕ ಪ್ರಾಧಿಕಾರ ಪ್ರಕಟಿಸಬೇಕು ಎನ್ನುತ್ತದೆ ಅದು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು ಬಿಗಿಗೊಳಿಸಿತಾದರೂ ಈ ಕಲಮನ್ನು ಮುಟ್ಟಿಲ್ಲ. ಆಧಾರ್ ಸಂಖ್ಯೆಯನ್ನು ಗೋಡೆಗೆ ಅಂಟಿಸುವಂತಿಲ್ಲ ನಿಜ. ಆ ನೆಪದಲ್ಲಿ ಮೊತ್ತವನ್ನೂ ಮುಚ್ಚಿಡುವುದು ನನಗಂತೂ ಒಪ್ಪಿಗೆಯಿಲ್ಲ. ಯುರೋಪಿನಲ್ಲೂ ಈ ಜಗಳ ನಡೆದಿತ್ತು: ಕೃಷಿ ಸಹಾಯಧನ ಪಡೆದ ವ್ಯಕ್ತಿಗಳ ಹೆಸರನ್ನೆಲ್ಲ ಪ್ರಕಟಿಸುವುದು ಅತಿಯಾಯಿತು ಎಂದು 2010ರಲ್ಲಿ ಅಲ್ಲಿನ ನ್ಯಾಯಾಲಯ ಹೇಳಿತು. ಆಮೇಲೆ ಬಂದ ನಿಯಮದಲ್ಲಿ 1,250 ಯೂರೊ ಮೀರದವರ ಹೆಸರು ಬಿಟ್ಟು ಮೊತ್ತ ಮಾತ್ರ ಪ್ರಕಟಿಸುವ ದಾರಿ ಮಾಡಿಕೊಂಡರು. ಒಂದೆರಡು ಹಸುವಿನ ನಮ್ಮವರಿಗೂ ಅಂಥ ಮಿತಿ ಇದ್ದರೆ ತಪ್ಪೇನಿಲ್ಲ.

ಇನ್ನು ಮಾಹಿತಿ ಹಕ್ಕಿನ ಅರ್ಜಿ ಎಲ್ಲಿಗೆ ಎಂಬ ಗೊಂದಲ. ಸಂಘಕ್ಕೇ ಅರ್ಜಿ ಕೊಟ್ಟು ವಾಪಸ್ ಬಂದವರಿದ್ದಾರೆ. ಸರ್ಕಾರದ ಗಣನೀಯ ಹಣಕಾಸು ಅಥವಾ ಹಿಡಿತ ಇಲ್ಲದ ಸಹಕಾರ ಸಂಘ ಮಾಹಿತಿ ಹಕ್ಕು ಕಾಯ್ದೆಗೆ ಒಳಪಡದು ಎಂದು ಕೇರಳದ ತಲಪ್ಪಾಲಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಸಂಘದ ಲೆಕ್ಕವನ್ನು ಸದಸ್ಯರು ವಾರ್ಷಿಕ ಮಹಾಸಭೆಯಲ್ಲಿ ಕೇಳಲಿ. ಪ್ರೋತ್ಸಾಹಧನದ ಲೆಕ್ಕ ಬೇಕಾದರೆ ಪಶುಸಂಗೋಪನಾ ಇಲಾಖೆಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬೇಕು: ನಮ್ಮ ಸಂಘದಿಂದ ಯಾವ ತಿಂಗಳು ಎಷ್ಟು ಲೀಟರಿಗೆ ಬೇಡಿಕೆ ಬಂತು, ಎಷ್ಟು ಹಣ ಯಾವ ದಿನಾಂಕ ಬಿಡುಗಡೆಯಾಯಿತು, ಎಷ್ಟು ಜನರ ಪಾವತಿ ಖಾತೆಯ ತೊಡಕಿನಿಂದ ವಾಪಸಾಯಿತು. ಉತ್ತರಕ್ಕೆ 30 ದಿನ ಗಡುವು.