ಅರ್ಧ ನಿಮಗೆ, ಅರ್ಧ ನಮಗೆ ಎಂದರೆ ಸಾಕೆ?

ವಾರ್ಷಿಕೋತ್ಸವಕ್ಕೆ ಮೂರು ವಾರ ಇರುವಾಗ ದ್ವಿತೀಯ ಪಿಯುಸಿಯ ಒಂದು ತರಗತಿ ಎರಡು ಪಂಗಡವಾಯಿತು. ಕಾರಣ, ನಾಟಕದ ಅಭ್ಯಾಸದ ಸಮಯ. ಊರೊಳಗಿನವರು ಸಂಜೆ ಎಂದರು, ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು ಊಟದ ಬಿಡುವಿನಲ್ಲಿ ಎಂದರು. "ನಾಟಕ ಬೇಡ ಅಂದ್ರೆ ನೇರವಾಗಿ ಹೇಳಿಬಿಡಿ" ಎಂದು ಒಂದು ಕಡೆ. "ನಿಮ್ಮದೇ ನಾಟಕ ಅಲ್ವಾ, ನೀವೇ ಮಾಡ್ಕೊಳ್ಳಿ" ಎಂದು ಇನ್ನೊಂದು ಕಡೆ. ಮರುದಿನ ಬೆಂಚುಗಳೂ ಬೇರೆಯಾದವು. ಮುಖ್ಯ ಪಾತ್ರದ ಹುಡುಗಿ ಸಂಭಾಷಣೆಯ ಹಾಳೆಗಳನ್ನು ತರಗತಿ ನಾಯಕಿಯ ಕೈಗಿತ್ತು ಹೊರನಡೆದಳು.

ಉಪನ್ಯಾಸಕನಾಗಿ ನಾನು ಮಧ್ಯೆ ಹೋಗಿ ರಾಜಿ ಮಾಡಿಸಿದೆ: ಒಂದು ದಿನ ಸಂಜೆ, ಮರುದಿನ ಮಧ್ಯಾಹ್ನ. ಯಾರಿಗೂ ಅನ್ಯಾಯವಿಲ್ಲ. ಆದರೆ ಸಂಜೆ ಬಸ್ಸಿನವರಿಲ್ಲ, ಮಧ್ಯಾಹ್ನ ಊರಿನವರಿಲ್ಲ. ಒಂದು ವಾರ ಕಳೆದರೂ ಎರಡನೆಯ ದೃಶ್ಯ ದಾಟಲಿಲ್ಲ. ತಾವು ಬಿಟ್ಟುಕೊಟ್ಟಿದ್ದೆಷ್ಟು ಎಂಬ ಲೆಕ್ಕವನ್ನು ಮಾತ್ರ ಎರಡೂ ಕಡೆಯವರು ಚೆನ್ನಾಗಿ ಇಟ್ಟಿದ್ದರು.

ಇಂಥ ರಾಜಿ ಯಾಕೆ ಸೋಲುತ್ತದೆ ಎಂಬುದನ್ನು ಅಮೆರಿಕದ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ (1868-1933) ವಿವರಿಸಿದ್ದಾರೆ. 1925ರ ಒಂದು ಉಪನ್ಯಾಸದಲ್ಲಿ ಅವರು ಭಿನ್ನಾಭಿಪ್ರಾಯ ಮುಗಿಸಲು ಮೂರು ದಾರಿ ಹೇಳಿದರು. ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದು ಒಂದು. ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು ಎರಡನೆಯದು. ನಾವು ರಾಜಿ ಎನ್ನುವುದು ಇದನ್ನೇ. ಇಬ್ಬರಿಗೂ ಬೇಕಾದದ್ದು ಸಿಗುವಂಥ ಹೊಸ ದಾರಿ ಹುಡುಕುವುದು ಮೂರನೆಯದು. ಅದನ್ನು ಸಮನ್ವಯ ಎನ್ನಬಹುದು.

ಅವರು ಕೊಟ್ಟ ಉದಾಹರಣೆ ತುಂಬ ಸರಳ. ಹಾರ್ವರ್ಡ್ ಗ್ರಂಥಾಲಯದ ಚಿಕ್ಕ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್‌ಗೆ ಮುಚ್ಚಿರಬೇಕು. ಅವರಿಗೆ ಬೇಕಿದ್ದದ್ದು ಗಾಳಿ. ಇವರಿಗೆ ಬೇಡವಾಗಿದ್ದದ್ದು ಮೈಮೇಲೆ ನೇರ ಬೀಸುವ ಉತ್ತರದ ಗಾಳಿ. ಯಾರೂ ಕುಳಿತಿರದ ಪಕ್ಕದ ಕೋಣೆಯ ಕಿಟಕಿ ತೆರೆದರು. ನಾನಾಗಿದ್ದರೆ ಕಿಟಕಿಯನ್ನು ಅರ್ಧ ತೆರೆಸುತ್ತಿದ್ದೆ. ಒಬ್ಬರಿಗೆ ಸೆಕೆ, ಇನ್ನೊಬ್ಬರಿಗೆ ಚಳಿ! ಹಾಲು ತರುವ ರೈತರ ಜಗಳವನ್ನೂ ಅವರು ಹೇಳುತ್ತಾರೆ. ಗುಡ್ಡದಿಂದ ಇಳಿದು ಬರುವವರಿಗೂ ಕಣಿವೆಯಿಂದ ಹತ್ತಿ ಬರುವವರಿಗೂ ಕ್ಯಾನ್ ಮೊದಲು ಇಳಿಸಬೇಕು. ಇಬ್ಬರೂ ಒಟ್ಟಿಗೆ ಇಳಿಸುವಂತೆ ಕಟ್ಟೆಯ ಜಾಗವನ್ನೇ ಬದಲಿಸಿದಾಗ ಜಗಳ ಮುಗಿಯಿತು.

ನಮ್ಮ ತರಗತಿಯಲ್ಲಿ ಯಾರೂ, ನಾನೂ ಸೇರಿ, "ಯಾಕೆ?" ಎಂದು ಕೇಳಿರಲಿಲ್ಲ. ಕೊನೆಗೆ ತರಗತಿ ನಾಯಕಿಯೇ ಎರಡೂ ಗುಂಪಿನಿಂದ ಇಬ್ಬಿಬ್ಬರನ್ನು ಕೂರಿಸಿಕೊಂಡು ಒಂದು ಷರತ್ತು ಹಾಕಿದಳು: ಎದುರಿನವರ ಕಾರಣವನ್ನು ಅವರು ಒಪ್ಪುವ ಹಾಗೆ ಹೇಳಿದ ಮೇಲೆಯೇ ನಿಮ್ಮ ಮಾತು. ಮೊದಲು ನಗು, ಆಮೇಲೆ ಸ್ವಲ್ಪ ಹೊತ್ತು ಮೌನ. ಬಸ್ಸಿನವರಿಗೆ ಐದು ಗಂಟೆಯ ಬಸ್ಸು ತಪ್ಪಿದರೆ ಬೇರೆ ಬಸ್ಸಿಲ್ಲ. ಊರಿನವರು ಬಿಡುವಿನಲ್ಲಿ ಮನೆಗೆ ಹೋಗಿ ಊಟ, ಲುಹರ್ ನಮಾಝ್ ಮುಗಿಸಿ ಬರುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಯಾರಿಗೂ ನಾಟಕ ಬೇಡವಾಗಿರಲಿಲ್ಲ. ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು: ಹಳ್ಳಿಯ ಬಸ್ಸು ಎಂಟೂವರೆಗೇ ಬರುತ್ತದೆ, ಅವರು ಒಂದು ಗಂಟೆ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ಮರುದಿನದಿಂದ ಅಭ್ಯಾಸ ಬೆಳಿಗ್ಗೆ ಎಂಟೂಮುಕ್ಕಾಲಿಗೆ. ಊರಿನವರಿಗೆ ಬೇಗ ಏಳುವ ಕಷ್ಟ ಇದ್ದೇ ಇತ್ತು, ಆದರೆ ಯಾರೂ ಅದನ್ನು ಸೋಲು ಎನ್ನಲಿಲ್ಲ.

ಎಲ್ಲಕ್ಕೂ ಹೀಗೆ ದಾರಿ ಸಿಗುವುದಿಲ್ಲ. ಇದನ್ನು ಫಾಲೆಟ್ ಅವರೇ ಒಪ್ಪುತ್ತಾರೆ. ಸಾಂಸ್ಕೃತಿಕ ಕಾರ್ಯದರ್ಶಿ ಹುದ್ದೆ ಒಂದೇ ಇದ್ದು ಇಬ್ಬರು ನಿಂತರೆ ಮತ ಹಾಕಲೇಬೇಕು. ಇನ್ನು ಒಬ್ಬರ ಮನೆ, ಮಾತು, ಬಟ್ಟೆಯನ್ನು ಹಿಡಿದು ಗೇಲಿ ಮಾಡುವುದು ಭಿನ್ನಾಭಿಪ್ರಾಯವಲ್ಲ. ಅಲ್ಲಿ ರಾಜಿಗೆ ಕೂರಬೇಡಿ, ನೇರವಾಗಿ ಉಪನ್ಯಾಸಕರಿಗೆ ಹೇಳಿ.

ಮುಖ್ಯ ಪಾತ್ರದ ಹುಡುಗಿ ಮೂರನೆಯ ದಿನ ಬಂದು ಹಾಳೆಗಳನ್ನು ವಾಪಸ್ ಕೇಳಿದಳು. ಅದೇ ತರಗತಿಯಲ್ಲಿ ಫ್ಯಾನಿನ ಕೆಳಗಿನ ಬೆಂಚು ಯಾರದ್ದು ಎಂಬ ಜಗಳ ಮಾತ್ರ ಪರೀಕ್ಷೆಯವರೆಗೂ ನಡೆಯಿತು.