ಅಜ್ಜನ ಗುಳಿಗೆ ಅಜ್ಜಿಯ ಕೈಗೆ

ನ್ಯೂಯಾರ್ಕಿನ ಡೆಬೊರಾ ಆಡ್ಲರ್ ಎಂಬ ತರುಣಿಯ ಅಜ್ಜಿ ಒಂದು ದಿನ, ತನ್ನದೆಂದೇ ಭಾವಿಸಿ, ಗಂಡನ ಗುಳಿಗೆಯನ್ನು ನುಂಗಿಬಿಟ್ಟರು. ಮುಪ್ಪಿನ ಮರೆವೆಂದು ಮನೆಯವರು ಸುಮ್ಮನಾಗಬಹುದಿತ್ತು. ಆದರೆ ಮೊಮ್ಮಗಳು ವಿನ್ಯಾಸಕಲೆಯ ವಿದ್ಯಾರ್ಥಿನಿ. ಆಕೆ ಅಜ್ಜಿಯನ್ನು ಬಿಟ್ಟು ಔಷಧಿಯ ಸೀಸೆಯನ್ನೇ ವಿಚಾರಣೆಗೆ ನಿಲ್ಲಿಸಿದಳು.

ಅಮೆರಿಕದಲ್ಲಿ ನಮ್ಮಲ್ಲಿಯಂತೆ ಗುಳಿಗೆಗಳನ್ನು ಪಟ್ಟಿಯಾಗಿ ಕೊಡುವ ರೂಢಿ ಕಡಿಮೆ. ಔಷಧಿ ಅಂಗಡಿಯವರೇ ಎಣಿಸಿ, ಕಿತ್ತಳೆ ಛಾಯೆಯ ದುಂಡನೆಯ ಪ್ಲಾಸ್ಟಿಕ್ ಸೀಸೆಗೆ ತುಂಬಿ, ರೋಗಿಯ ಹೆಸರಿನ ಚೀಟಿಯಂಟಿಸಿ ಕೊಡುತ್ತಾರೆ. ಅಜ್ಜ ಅಜ್ಜಿಯರ ಮನೆತನದ ಹೆಸರು ಒಂದೇ. ಸ್ವಂತ ಹೆಸರಿನ ಮೊದಲಕ್ಷರವೂ ದುರದೃಷ್ಟದಿಂದ ಒಂದೇ ಆಗಿತ್ತು. ಇಂತಹ ಚೀಟಿಗಳಲ್ಲಿ ಎಲ್ಲಕ್ಕಿಂತ ಎದ್ದು ಕಾಣುತ್ತಿದ್ದುದು ಅಂಗಡಿಯ ಹೆಸರು. ರೋಗಿಗೆ ಬೇಕಾದ ಮಾತು ಸಣ್ಣಕ್ಷರಗಳಲ್ಲಿ, ಸೀಸೆಯನ್ನು ತಿರುತಿರುಗಿಸಿದರೆ ಸಿಕ್ಕೀತು. ‘10’ ಎಂದು ಬರೆದಿದ್ದರೆ ಅದು ಹತ್ತು ಗುಳಿಗೆಯೋ ಹತ್ತು ಮಿಲಿಗ್ರಾಮೋ? ಭಾಷೆಯ ವಿದ್ಯಾರ್ಥಿಯಾದ ನನಗೆ ಸೋಜಿಗವೆನಿಸಿದ ಇನ್ನೊಂದು ಸಂಗತಿಯುಂಟು. ಇಂಗ್ಲಿಷಿನಲ್ಲಿ ‘ಒಂದು ಸಲ’ ಎಂಬರ್ಥದ ‘ವನ್ಸ್’ ಎಂಬ ಶಬ್ದದ ಅಕ್ಷರಗಳನ್ನೇ ಸ್ಪ್ಯಾನಿಷ್ ಬಲ್ಲವನು ಓದಿದರೆ ‘ಹನ್ನೊಂದು’ ಎಂದಾಗುತ್ತದೆ. ಸ್ಪ್ಯಾನಿಷ್ ಮಾತನಾಡುವವರು ಅಮೆರಿಕದಲ್ಲಿ ಕೋಟಿಗಟ್ಟಲೆ ಇದ್ದಾರೆ!

ಆಡ್ಲರ್ ತನ್ನ ಸ್ನಾತಕೋತ್ತರ ವ್ಯಾಸಂಗದ ಪ್ರಬಂಧಕ್ಕೆ ಇದನ್ನೇ ವಿಷಯವಾಗಿ ಆರಿಸಿಕೊಂಡಳು. ಟಾರ್ಗೆಟ್ ಎಂಬ ದೊಡ್ಡ ಅಂಗಡಿ ಸಂಸ್ಥೆ ಅದನ್ನು ಮೆಚ್ಚಿತು. ಕ್ಲಾಸ್ ರಾಸ್‌ಬರ್ಗ್ ಎಂಬ ವಿನ್ಯಾಸಕಾರರ ನೆರವಿನಿಂದ ಸೀಸೆ ಹೊಸ ರೂಪು ತಾಳಿ 2005ರಲ್ಲಿ ಮಾರುಕಟ್ಟೆಗೆ ಬಂದಿತು. ಅದು ಕೆಂಪು ಬಣ್ಣದ್ದು, ಮುಚ್ಚಳದ ಮೇಲೆಯೇ ತಲೆಕೆಳಗಾಗಿ ನಿಲ್ಲುವಂಥದು. ಬದಿಗಳು ಚಪ್ಪಟೆಯಾದುದರಿಂದ ಚೀಟಿಯನ್ನು ಒಂದೇ ನೋಟಕ್ಕೆ ಓದಬಹುದು. ಚೀಟಿಯ ನಡುವೆ ಒಂದು ಗೆರೆ: ಮೇಲೆ ಔಷಧಿಯ ಹೆಸರು, ಪ್ರಮಾಣ, ಸೇವಿಸುವ ಕ್ರಮ, ವೈದ್ಯರ ಹೆಸರು ಮೊದಲಾದುವೆಲ್ಲ ಕೆಳಗೆ. ಸೀಸೆಯ ನೆತ್ತಿಯ ಮೇಲೂ ಔಷಧಿಯ ಹೆಸರುಂಟು, ಮೇಜಿನ ಸೆಳೆಖಾನೆಯಲ್ಲಿಟ್ಟರೂ ಕಾಣಲೆಂದು. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಕುತ್ತಿಗೆಯ ಬಣ್ಣದ ಬಳೆ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಅಜ್ಜಿಯದು ಹಸಿರಾದರೆ ಅಜ್ಜನದು ನೀಲಿ. ಅಕ್ಷರ ಮಸುಕಾಗಿ ತೋರಿದರೂ ಬಣ್ಣ ಕೈ ಹಿಡಿದು ಎಚ್ಚರಿಸುತ್ತದೆ.

ವೃದ್ಧರ ಕಣ್ಣು ಮಂಜು, ಸರಿ. ಆದರೆ ಪಳಗಿದ ದಾದಿಯರ ಕಣ್ಣೂ ಮೋಸಹೋದೀತೆ? ಹೋದದ್ದುಂಟು. ಹೆಪಾರಿನ್ ಎಂಬುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ. ಶಿಶುಗಳಿಗೆ ಬಳಸುವ ಪುಟ್ಟ ಸೀಸೆಯಲ್ಲಿ ಮಿಲಿಲೀಟರಿಗೆ 10 ಯೂನಿಟ್, ದೊಡ್ಡವರದರಲ್ಲಿ 10,000. ಒಂದಕ್ಕೊಂದು ಸಾವಿರ ಪಟ್ಟು ಅಂತರ. ಚೀಟಿಗಳೆರಡೂ ಮಾತ್ರ ನೀಲಿ. 2006ರಲ್ಲಿ ಇಂಡಿಯಾನಾಪೊಲಿಸ್ ನಗರದ ಆಸ್ಪತ್ರೆಯೊಂದರಲ್ಲಿ ಶಿಶುಗಳ ಔಷಧಿಯಿಡುವ ಕಪಾಟಿಗೆ ದೊಡ್ಡವರ ಸೀಸೆಗಳು ಬಂದು ಸೇರಿದವು. ದಾದಿಯರು ಎಂದಿನಂತೆ ತೆಗೆದರು, ಕೊಟ್ಟರು. ಮೂರು ಹಸುಗೂಸುಗಳು ಅಸುನೀಗಿದವು. ಮರುವರ್ಷ ತಯಾರಕರು ಚೀಟಿಯನ್ನು ಬದಲಿಸಿದರಾದರೂ ಹಳೆಯ ಸೀಸೆಗಳು ಆಸ್ಪತ್ರೆಗಳಲ್ಲಿ ಉಳಿದೇ ಇದ್ದವು. 2007ರ ನವೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ನಟ ಡೆನಿಸ್ ಕ್ವೇಡ್ ಅವರ ಅವಳಿ ಶಿಶುಗಳಿಗೂ ಅದೇ ತಪ್ಪು ಔಷಧಿ ಸೇರಿತು. ಆ ಕೂಸುಗಳು ಬದುಕಿಕೊಂಡವು. ಇದನ್ನೆಲ್ಲ ದಾದಿಯರ ಅಜಾಗರೂಕತೆಯೆಂದು ಮುಗಿಸಿಬಿಡುವುದು ಸುಲಭ. ಆದರೆ ನಡುರಾತ್ರಿಯ ದಣಿದ ಕಣ್ಣಿಗೆ ಎರಡು ನೀಲಿಗಳ ಭೇದವನ್ನು ಕಂಡುಹಿಡಿಯುವ ಪರೀಕ್ಷೆಯನ್ನೊಡ್ಡಿದವರಾರು?

ಆಡ್ಲರಳ ಸೀಸೆಯ ಕಥೆ ಸುಖಾಂತವಾಗಲಿಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು, ನಿಜ. ಆದರೆ 2015ರಲ್ಲಿ ಟಾರ್ಗೆಟ್‌ನ ಔಷಧಿ ವ್ಯಾಪಾರವನ್ನು ಬೇರೊಂದು ಸಂಸ್ಥೆ ಕೊಂಡಿತು. ಕೆಂಪು ಸೀಸೆ ಹೋಗಿ ಹಳೆಯ ದುಂಡು ಸೀಸೆ ಮರಳಿತು. ಗಿರಾಕಿಗಳು ಆಕ್ಷೇಪಿಸಿದರು; ಕೆಂಪು ಸೀಸೆ ಮಾತ್ರ ಮರಳಲಿಲ್ಲ.

ನಮ್ಮ ಮನೆಗಳಲ್ಲಿ ಸೀಸೆಯ ತೊಡಕಿಲ್ಲ, ಕತ್ತರಿಯ ತೊಡಕುಂಟು. ನಾಲ್ಕು ಗುಳಿಗೆ ಸಾಕೆಂದರೆ ಅಂಗಡಿಯವರು ಪಟ್ಟಿಯನ್ನು ಕತ್ತರಿಸಿ ಕೊಡುತ್ತಾರೆ. ಹೆಸರಿನ ಅರ್ಧ ನಮ್ಮ ಕೈಗೆ, ಅರ್ಧ ಅಂಗಡಿಗೆ. ಅವಧಿ ಮುಗಿಯುವ ದಿನಾಂಕ ಯಾರ ಪಾಲಿಗೆ ಬಂದೀತೋ! ಬೆನ್ನಿನ ಬೆಳ್ಳಿಹಾಳೆಯ ಹೊಳಪಿನಲ್ಲಿ ಉಳಿದ ಅಕ್ಷರಗಳೂ ಕಣ್ಣಿಗೆ ನಿಲ್ಲವು. ನಮ್ಮ ತಂದೆಯವರದು ರಕ್ತದೊತ್ತಡದ ಗುಳಿಗೆ, ತಾಯಿಯವರದು ಸಕ್ಕರೆ ಕಾಯಿಲೆಯದು; ಎರಡೂ ಬಿಳಿ, ಎರಡೂ ದುಂಡು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನೋಡಿದೆ. ತಾಯಿ ತಮ್ಮ ಪಟ್ಟಿಗೆ, ಹೂವಿನ ಪೊಟ್ಟಣದಿಂದ ಬಿಚ್ಚಿಟ್ಟುಕೊಂಡಿದ್ದ ಬಾಳೆನಾರನ್ನು ಸುತ್ತಿ ಗಂಟು ಹಾಕಿದ್ದರು.

“ಕನ್ನಡಕ ಹುಡುಕೋದಕ್ಕಿಂತ ಇದೇ ಸಲೀಸು ಕಣಪ್ಪಾ,” ಎಂದರು.