ಇಪ್ಪತ್ತು ನ್ಯಾನೊಮೀಟರಿನ ಕಂದಕ

ಮುಂಬೈನ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಅಣ್ವಿಕ ಜೀವವಿಜ್ಞಾನ ವಿಭಾಗ ಕಟ್ಟಿದವರು ಒಬೈದ್ ಸಿದ್ದಿಕಿ. ಮುಂದೆ ಅವರ ಗಮನವೆಲ್ಲ ಮೂರು ಮಿಲಿಮೀಟರಿನ ಹಣ್ಣುನೊಣದ ನರಗಳ ಮೇಲೆ ನೆಟ್ಟಿತು. ಬಿಸಿ ಏರಿದರೆ ಕೈಕಾಲು ಸೋತು ಬೀಳುವ ನೊಣಗಳ ಬಗ್ಗೆ 1976ರಲ್ಲಿ ವಿಜ್ಞಾನಿ ಸೀಮೋರ್ ಬೆಂಜರ್ ಜೊತೆ ಪ್ರಬಂಧ ಬರೆದರು. ನೊಣದ ಸ್ನಾಯುವಿಗೆ ನರ ಅಪ್ಪಣೆ ಕೊಡುವುದು ಗ್ಲುಟಮೇಟ್ ಎಂಬ ಪುಟ್ಟ ಅಣುವಿನ ಮೂಲಕ. ನಮ್ಮ ಮಿದುಳಿನ ಮುಖ್ಯ ಸಂದೇಶವಾಹಕವೂ ಅದೇ.

ಗಸಗಸೆ ಕಾಳಿನಷ್ಟಿರುವ ನೊಣದ ಮಿದುಳಿನಲ್ಲಿ 1.39 ಲಕ್ಷ ನರಕೋಶಗಳಿವೆ. ವಾಂಖೆಡೆಯಂಥ ನಾಲ್ಕು ಕ್ರೀಡಾಂಗಣ ತುಂಬಿಯೂ ಮಿಗುತ್ತವೆ! ಅವುಗಳ ನಡುವಿನ ಸಂಧಿಗಳು 5 ಕೋಟಿಗೂ ಹೆಚ್ಚು. ಬೃಹನ್ಮುಂಬೈನ ಜನಸಂಖ್ಯೆ 2011ರ ಗಣತಿಯಲ್ಲಿ 1.24 ಕೋಟಿ. ನಾಲ್ಕು ಮುಂಬೈ, ಒಂದು ಗಸಗಸೆ ಕಾಳಿನೊಳಗೆ. ಮನುಷ್ಯನ ಮಿದುಳಿಗೆ ಬಂದರೆ ನರಕೋಶಗಳೇ ಸುಮಾರು 8,600 ಕೋಟಿ: ಹೆಚ್ಚುಕಡಿಮೆ 6,900 ಮುಂಬೈ!

ಇಷ್ಟೆಲ್ಲ ಕೋಶಗಳಲ್ಲಿ ಬಹುಪಾಲು ಒಂದನ್ನೊಂದು ಮುಟ್ಟುವುದೇ ಇಲ್ಲ. ಸಂಧಿಯಲ್ಲಿ ಸುಮಾರು 20 ನ್ಯಾನೊಮೀಟರಿನ ಕಂದಕವಿದೆ. ಅದನ್ನು ಒಂದು ಸೆಂಟಿಮೀಟರಿಗೆ ಹಿಗ್ಗಿಸಿ, ಅದೇ ಅಳತೆಯಲ್ಲಿ ಐದೂವರೆ ಅಡಿಯ ಮನುಷ್ಯನನ್ನೂ ಹಿಗ್ಗಿಸಿ ಮಲಗಿಸಿದರೆ ತಲೆ ಮುಂಬೈನಲ್ಲಿ, ಪಾದ ಬೆಂಗಳೂರಿನಲ್ಲಿ! ನರದ ತುದಿಯಲ್ಲಿ ಗ್ಲುಟಮೇಟ್ ತುಂಬಿಕೊಂಡ ಚೀಲಗಳಿವೆ; ಒಂದೊಂದು ಚೀಲ ಒಡೆದಾಗಲೂ ಈ ಕಂದಕಕ್ಕೆ ಸಾವಿರಕ್ಕೂ ಮಿಕ್ಕ ಗ್ಲುಟಮೇಟ್ ಅಣುಗಳು ಸುರಿಯುತ್ತವೆ. ಚೀಲಗಳೋ, ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿಗೆ 25,000 ಹಿಡಿಸುವಷ್ಟು ಸಣ್ಣವು.

ಆಚೆ ದಡದಲ್ಲಿ ಈ ಅಣುಗಳನ್ನು ಹಿಡಿಯುವ ಗ್ರಾಹಕಗಳು ಕಾದಿರುತ್ತವೆ. ಆಂಪಾ ಎಂಬ ಗ್ರಾಹಕ ಗ್ಲುಟಮೇಟ್ ತಗುಲಿದ ಒಂದು ಮಿಲಿಸೆಕೆಂಡಿನೊಳಗೆ ಬಾಗಿಲು ತೆರೆದು, ಕೆಲವೇ ಮಿಲಿಸೆಕೆಂಡಿನಲ್ಲಿ ಮುಚ್ಚಿಬಿಡುತ್ತದೆ. ಲೋಕಲ್ ರೈಲು 20 ಸೆಕೆಂಡು ನಿಂತರೆ ಮುಂಬೈಗರಿಗೆ ಅದು ಗಡಿಬಿಡಿ. ಆಂಪಾ ಲೆಕ್ಕದಲ್ಲಿ ಅದು 20,000 ಮಿಲಿಸೆಕೆಂಡುಗಳ ದೀರ್ಘ ವಿರಾಮ. ಎನ್‌ಎಂಡಿಎ ಎಂಬ ಇನ್ನೊಂದು ಗ್ರಾಹಕ ಇದಕ್ಕಿಂತ ನಿಧಾನಿ. ಆದರೆ ಕಲಿಕೆ, ನೆನಪುಗಳ ದೊಡ್ಡ ಪಾಲು ಅದರ ಹೊಣೆ, ಹಾಗಾಗಿ ನನಗೆ ಅದರ ಮೇಲೇ ಗೌರವ ಹೆಚ್ಚು.

ಇನ್ನು ಎಣಿಕೆ. ಮನುಷ್ಯನ ಮಿದುಳಿನ ಸಂಧಿಗಳು ಅಂದಾಜು 100 ಲಕ್ಷ ಕೋಟಿ. ಸೆಕೆಂಡಿಗೊಂದರಂತೆ ಎಣಿಸಿದರೆ ಸುಮಾರು 32 ಲಕ್ಷ ವರ್ಷ ಬೇಕು. ಇವು ಬರೀ ಸಂಧಿಗಳು! ಅರ್ಧದಷ್ಟೇ ಗ್ಲುಟಮೇಟಿನವು, ಒಂದೊಂದರಲ್ಲಿ 40 ಗ್ರಾಹಕಗಳು ಎಂದು ಕೈಬಿಗಿಹಿಡಿದು ಲೆಕ್ಕ ಹಾಕಿದರೂ 6.3 ಕೋಟಿ ವರ್ಷ. ಆ ಎಣಿಕೆ ಇವತ್ತು ಮುಗಿಯಬೇಕಿದ್ದರೆ, ಮುಂಬೈನ ನೆಲವಾಗಲಿದ್ದ ಲಾವಾ ಇನ್ನೂ ಕುದಿಯುತ್ತಿದ್ದ ಕಾಲದಲ್ಲೇ ಒಂದು, ಎರಡು ಎಂದು ಶುರುಮಾಡಬೇಕಿತ್ತು.